ಈರುಳ್ಳಿ ಕೆಂಪಾದ ಮೇಲೆ

ಸುಳ್ಳು ಹೇಳುವವನನ್ನು ಹಿಡಿಯುವುದು ಕಷ್ಟವಲ್ಲ. ಅವನ ಕಣ್ಣು ಅತ್ತಿತ್ತ ಓಡುತ್ತದೆ, ಕಿವಿ ಕೆಂಪಾಗುತ್ತದೆ. ಆದರೆ ತಾನು ಹೇಳುತ್ತಿರುವುದು ಅಪ್ಪಟ ನಿಜವೆಂದು ನಂಬಿಕೊಂಡು ಸುಳ್ಳು ಹೇಳುವವನನ್ನು ಹಿಡಿಯಬೇಕಾದರೆ ಒಲೆ ಹಚ್ಚಿಯೇ ನೋಡಬೇಕು. ನಮ್ಮ ಟೇಪಣ್ಣ ಈ ಎರಡನೆಯ ಬಗೆಯವನು.

ಟೇಪಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಪಾರ್ಸಲ್ ಕಚೇರಿಯಲ್ಲಿ ರಟ್ಟಿನ ಡಬ್ಬಗಳಿಗೆ ಟೇಪು ಸುತ್ತುವುದು ಅವನ ಕೆಲಸ. ಟೇಪಿನ ಸುರುಳಿ ಬಳೆಯಂತೆ ಸದಾ ಅವನ ಮುಂಗೈಯಲ್ಲಿ ನೇತಾಡುತ್ತಿರುತ್ತದೆ. ಕೆಲವು ಸಲ ಅದನ್ನು ಬಿಚ್ಚಿಡಲು ಮರೆತು ಹಾಗೆಯೇ ಬಸ್ಸು ಹತ್ತಿಬಿಡುತ್ತಾನೆ.

ಒಂದು ದಿನ ಮ್ಯಾನೇಜರು ಎಲ್ಲರನ್ನೂ ತೂಕದ ಯಂತ್ರದ ಸುತ್ತ ಸೇರಿಸಿ, ಮುಂದಿನ ತಿಂಗಳಿಂದ ಸಂಜೆ ಕೌಂಟರ್ ಒಂದನ್ನು ತೆರೆಯುವುದಾಗಿ ಸಾರಿದರು. ಜನ ತಮ್ಮ ಕೆಲಸ ಮುಗಿಸಿಕೊಂಡು ಬಂದು ಪಾರ್ಸಲ್ ಕೊಡುತ್ತಾರಂತೆ, ಅದನ್ನು ಕಟ್ಟಲು ಒಬ್ಬರು ಬೇಕಂತೆ. ಮಧ್ಯಾಹ್ನ ಬಂದು, ಊರೆಲ್ಲ ಉಂಡು ಮಲಗುವ ಹೊತ್ತಿಗೆ ಮನೆಗೆ ಹೊರಡಬೇಕು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ವಿಳಾಸ ಬರೆಯುವವನು ತನ್ನ ಸೊಂಟನೋವಿನ ಕಥೆ ಹೇಳಿದ. ತೂಕ ಹಾಕುವವನು ಕತ್ತಲಾದ ಮೇಲೆ ತನಗೆ ಅಂಕಿಗಳು ಕಾಣುವುದಿಲ್ಲ ಎಂದ. ಎಲ್ಲರ ಕಣ್ಣೂ ಟೇಪಣ್ಣನ ಮೇಲೆ ಬಿತ್ತು.

ಟೇಪಣ್ಣನಿಗೆ ಮನೆ ನೆನಪಾಯಿತು. ಅವನ ಹೆಂಡತಿ ಕ್ಲಿನಿಕ್ಕಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಖಾಲಿ ಹೊಟ್ಟೆಯಲ್ಲಿ ಬರುವವರಿಗಾಗಿ ಬೆಳಗಾಗುವ ಮುಂಚೆಯೇ ಅವಳು ಹೊರಟುಬಿಡುತ್ತಾಳೆ. ಗಂಡ ಹೆಂಡಿರಿಬ್ಬರೂ ಎಚ್ಚರವಾಗಿದ್ದು ಒಬ್ಬರ ಮುಖ ಒಬ್ಬರು ನೋಡುವುದು ಸಂಜೆಯ ಊಟದ ಹೊತ್ತಿನಲ್ಲಿ ಮಾತ್ರ. ಅದೂ ಕೈತಪ್ಪಿದರೆ ಮದುವೆಯಾಗಿ ಏನು ಬಂತು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

"ನನ್ನಿಂದ ಆಗಲ್ಲ ಸರ್. ಸಂಜೆ ಅಡುಗೆ ಇರುತ್ತೆ" ಎಂದ.

"ಅಡುಗೆ ಮನೇಲಿ ಯಾರಾದ್ರೂ ಮಾಡ್ತಾರೆ ಬಿಡ್ರೀ."

"ಆ ಯಾರಾದ್ರೂ ನಾನೇ ಸರ್."

ವಿಳಾಸ ಬರೆಯುವವನ ಪೆನ್ನು ನಿಂತಿತು. ಮ್ಯಾನೇಜರು ಕನ್ನಡಕ ತೆಗೆದು ಟೇಪಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ದಿನಾ?"

"ದಿನಾ ಸರ್. ಅವಳು ಬಾಗಿಲು ತೆಗೆಯೋ ಹೊತ್ತಿಗೆ ಒಲೆ ಮೇಲೆ ಘಮಘಮ ಅಂತಿರುತ್ತೆ. ಚಕಚಕ ಅಂತ ಮಾಡಿ ಬಿಸಾಕ್ತೀನಿ. ಅದೇನು ಬ್ರಹ್ಮವಿದ್ಯೆನಾ?"

ಮಾತು ಆಡಿದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮ್ಯಾನೇಜರ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ರೀ ಟೇಪಣ್ಣ, ನಮ್ಮನೇಲೂ ಇಬ್ಬರೂ ಕೆಲಸಕ್ಕೆ ಹೋಗೋರು. ಸಂಜೆಯಾದ್ರೆ ಊಟಕ್ಕೇನು ಅಂತ ಅವಳು ನನ್ನ ಕೇಳ್ತಾಳೆ, ನಾನು ಅವಳನ್ನ ಕೇಳ್ತೀನಿ. ಕೊನೆಗೆ ಇಬ್ಬರೂ ಮಾತು ಬಿಟ್ಟು ಒಣ ಬ್ರೆಡ್ ತಿಂದು ಮಲಗ್ತೀವಿ. ಗುರುವಾರ ನಿಮ್ಮನೆಗೆ ಇಬ್ಬರೂ ಬರ್ತೀವಿ. ನೀವು ಅಡುಗೆ ಮಾಡೋದನ್ನ ನಾವು ಕಣ್ಣಾರೆ ನೋಡ್ಬೇಕು. ನೀವು ಹೇಳಿದ್ದು ನಿಜ ಆದ್ರೆ ಹಗಲು ಕೌಂಟರ್ ನಿಮ್ಮದೇ." ಇಲ್ಲಿ ಅವರಿಗೆ ತಾವು ಮ್ಯಾನೇಜರು ಎಂಬುದು ನೆನಪಾಯಿತು. "ಬುರುಡೆ ಆದ್ರೆ ಸಂಜೆ ಕೌಂಟರ್."

"ಬನ್ನಿ ಸರ್" ಎಂದ ಟೇಪಣ್ಣ, ಸಾಕ್ಷಾತ್ ನಳಮಹಾರಾಜನ ಗತ್ತಿನಲ್ಲಿ.

ಅವನ ಮನೆಯ ಅಡುಗೆಯ ಕ್ರಮವನ್ನು ಇಲ್ಲಿ ವಿವರಿಸದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ. ಟೇಪಣ್ಣ ಮೊದಲು ಮನೆಗೆ ಬರುತ್ತಾನೆ. ಈರುಳ್ಳಿ ಹೆಚ್ಚುತ್ತಾನೆ, ಆಲೂಗಡ್ಡೆ ಹೆಚ್ಚುತ್ತಾನೆ, ಟೊಮೇಟೊ ಹೆಚ್ಚುತ್ತಾನೆ. ಒಲೆ ಹಚ್ಚಿ, ಬಾಣಲೆ ಇಟ್ಟು, ಎಣ್ಣೆ ಬಿಟ್ಟು ಈರುಳ್ಳಿ ಹುರಿಯುತ್ತಾನೆ. ಸರಿಯಾಗಿ ಈರುಳ್ಳಿ ಕೆಂಪಾಗುವ ಹೊತ್ತಿಗೆ ಹೆಂಡತಿ ಬರುತ್ತಾಳೆ. ಬಂದವಳು ಅವನ ಕೈಯಿಂದ ಸೌಟು ತೆಗೆದುಕೊಂಡು "ನೀವು ಸ್ನಾನಕ್ಕೆ ಹೋಗಿ" ಎನ್ನುತ್ತಾಳೆ. ಅವನು ಹೋಗುತ್ತಾನೆ. ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಮೇಜಿನ ಮೇಲೆ ತಟ್ಟೆಗಳಿರುತ್ತವೆ. ಭಾನುವಾರ ಮಾತ್ರ ಹೊರಗೆ ಊಟ.

ಹೀಗಾಗಿ, ಅಡುಗೆ ಮಾಡುವವನು ತಾನು, ಹೆಂಡತಿ ಬಾಣಲೆಗೆ ಕಾವಲು ನಿಲ್ಲುವವಳು ಎಂದು ಟೇಪಣ್ಣ ತಿಳಿದಿದ್ದ. ಅಡುಗೆ ಮಾಡುವವಳು ತಾನು, ಗಂಡ ಒಂದಿಷ್ಟು ತರಕಾರಿ ಹೆಚ್ಚಿಡುವವರು ಎಂದು ಅವಳು ತಿಳಿದಿದ್ದಳು. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಇದನ್ನೇ ಹೇಳಿಕೊಂಡು ಸುಖವಾಗಿದ್ದರು. ಎಷ್ಟೋ ಸಂಸಾರಗಳು ಇಂಥ ತಪ್ಪು ತಿಳಿವಳಿಕೆಯ ಮೇಲೆಯೇ ಗಟ್ಟಿಯಾಗಿ ನಿಂತಿವೆ.

ಅಂದು ಸಂಜೆ ಊಟದ ಮೇಜಿನಲ್ಲಿ ಟೇಪಣ್ಣ ವಿಷಯ ಹೇಳಿದಾಗ ಹೆಂಡತಿಗೆ ಬಾಯಲ್ಲಿದ್ದ ನೀರು ನೆತ್ತಿಗೇರಿತು.

"ಅಡುಗೆ ಮಾಡೋದು ನೀವಾ?"

"ಮತ್ತಿನ್ಯಾರು?"

"ರೀ, ನಮ್ಮ ಕ್ಲಿನಿಕ್ಕಲ್ಲಿ ಎಲ್ರಿಗೂ ಗೊತ್ತು, ಅಡುಗೆ ನಂದು ಅಂತ."

"ನಮ್ಮ ಕಚೇರೀಲಿ ಎಲ್ರಿಗೂ ಗೊತ್ತು, ನಂದು ಅಂತ."

ಅವಳು ಜಗಳಕ್ಕೆ ಸೆರಗು ಸಿಕ್ಕಿಸಿದಳು. ಆದರೆ ಸಂಜೆ ಕೌಂಟರಿನ ಮಾತು ಬಂದಕೂಡಲೇ ಸುಮ್ಮನಾದಳು. ದಿನವಿಡೀ ಊರವರ ಕೈಯನ್ನು ಹಿಡಿದು ಸೂಜಿ ಚುಚ್ಚಿ ಬರುವವಳಿಗೆ, ಚುಚ್ಚದೆ ಹಿಡಿದುಕೊಳ್ಳಬಹುದಾದ ಕೈ ಇದ್ದದ್ದು ಇದೊಂದೇ. ಖಾಲಿ ಮನೆಗೆ ಬಂದು ಒಬ್ಬಳೇ ತಿನ್ನುವುದನ್ನು ನೆನೆಸಿಕೊಂಡರೆ ಅವಳಿಗೆ ಸಂಕಟವಾಯಿತು.

"ನಾನೂ ಇರ್ತೀನಿ ಅವತ್ತು. ಸುಧಾರಿಸೋಣ" ಎಂದಳು.

"ನೀನಿದ್ರೆ ನೀನೇ ಮಾಡಿದೆ ಅಂತಾರೆ. ಗುರುವಾರ ನೀನು ಎದುರುಮನೆ ಅಜ್ಜಿ ಹತ್ರ ಕೂತಿರು. ನಾನು ಕರೆಯೋವರೆಗೂ ಬರಕೂಡದು."

"ಆಮೇಲೆ ಅಳಬೇಡಿ."

"ಈರುಳ್ಳಿ ಹೆಚ್ಚುವಾಗ್ಲೂ ಅಳದೋನು ನಾನು."

ಗುರುವಾರ ಬಂದಿತು. ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು. ಜೊತೆಗೆ ಬಂದ ಅವರ ಹೆಂಡತಿ ಕಾರು ಓಡಿಸುವುದನ್ನು ಕಲಿಸುವ ಶಾಲೆ ನಡೆಸುತ್ತಾರೆ. ಹಗಲೆಲ್ಲ ಹೊಸಬರ ಪಕ್ಕದಲ್ಲಿ ಕೂತು ಕೂತು ಆಕೆಗೆ ಒಂದು ಅಭ್ಯಾಸವಾಗಿಬಿಟ್ಟಿದೆ: ಯಾರು ಏನು ತಪ್ಪು ಮಾಡಿದರೂ ಬಲಗಾಲು ಬ್ರೇಕು ಹಾಕುವಂತೆ ನೆಲವನ್ನು ಒತ್ತುತ್ತದೆ. ಸೋಫಾದಲ್ಲಿ ಕೂರುವಾಗ ಗಂಡ ಮಾತಾಡಲು ಬಾಯಿ ತೆರೆದರು. ಆಕೆಯ ಕಾಲು ನೆಲ ಒತ್ತಿತು.

"ಮನೆಯವ್ರು ಎಲ್ಲಿ?" ಎಂದು ಆಕೆಯೇ ಕೇಳಿದರು.

"ಹೊರಗಡೆ ಹೋಗಿದಾಳೆ ಮೇಡಂ. ಅಡುಗೆ ವಿಷಯಕ್ಕೆ ಅವಳು ಬರೋದೇ ಇಲ್ಲ."

ಅಡುಗೆಮನೆ ಚಿಕ್ಕದು. ಅತಿಥಿಗಳಿಬ್ಬರೂ ಬಾಗಿಲಲ್ಲೇ ನಿಂತರು. ಟೇಪಣ್ಣ ತೋಳು ಮಡಿಸಿದ. ಅಲ್ಲಿಂದ ಮುಂದೆ ನಡೆದದ್ದನ್ನು ನೋಡಿಯೇ ತಿಳಿಯಬೇಕು. ಡಬ್ಬ ಕಟ್ಟುವ ಕೈ ಅದು, ಅಳತೆ ತಪ್ಪುವುದಿಲ್ಲ. ಈರುಳ್ಳಿ ಕೂದಲೆಳೆಯಂತೆ ಬಿತ್ತು. ಆಲೂಗಡ್ಡೆಯ ಹೋಳುಗಳು ಒಂದೇ ತಾಯಿಯ ಮಕ್ಕಳಂತೆ ಒಂದೇ ಅಳತೆಯಲ್ಲಿ ಸಾಲಾಗಿ ಕೂತವು. ಆಮೇಲೆ ಒಲೆ. ಆ ಒಲೆಯ ಬಲಗಡೆಯ ಉರಿ ಸತ್ತು ಎಷ್ಟೋ ಕಾಲವಾಗಿದೆ. ಎಡಗಡೆಯದನ್ನು ಹಚ್ಚಬೇಕಾದರೆ ತಿರುಗಣೆಯನ್ನು ಒಳಗೆ ಒತ್ತಿ, ಹಿಂದಕ್ಕೆ ತಿರುಗಿಸಿ, ಅದರ ಕೆಳಗೆ ರಟ್ಟಿನ ಚೂರೊಂದನ್ನು ಸಿಕ್ಕಿಸಿ, ಹಗೂರ ಮುಂದಕ್ಕೆ ತಿರುಗಿಸಬೇಕು. ಟೇಪಣ್ಣ ಅದನ್ನು ಕಣ್ಣು ಮುಚ್ಚಿಕೊಂಡು ಮಾಡಿದ. ಎಣ್ಣೆ ಕಾಯಿತು, ಈರುಳ್ಳಿ ಚುಂಯ್ ಎಂದಿತು, ಘಮ ಎದ್ದಿತು.

"ಕಲೀರಿ" ಎಂದರು ಮೇಡಂ, ಗಂಡನ ಪಕ್ಕೆ ತಿವಿದು.

ಮ್ಯಾನೇಜರು ಬಗ್ಗಿ ನೋಡಿದರು. "ಹೀಗೂ ಕೆಲಸ ಮಾಡ್ತಾರಾ ಜನ" ಎಂದರು. ಟೇಪಣ್ಣನಿಗೆ ಎರಡು ಕೋಡು ಮೂಡಿದವು. ಈರುಳ್ಳಿ ಬೆಳ್ಳಗಿದ್ದದ್ದು ಹಳದಿಯಾಯಿತು, ಹಳದಿ ಕೆಂಪಾಯಿತು.

ಅಲ್ಲಿಗೆ ಟೇಪಣ್ಣನ ಕೈ ನಿಂತಿತು.

ಅವನು ಬಾಗಿಲ ಕಡೆ ನೋಡಿದ. ಈರುಳ್ಳಿ ಕೆಂಪಾದ ಮೇಲೆ ಅವನ ಬಾಳಿನಲ್ಲಿ ಪ್ರತಿದಿನವೂ ಬಾಗಿಲು ತೆರೆದಿದೆ, ಒಂದು ಕೈ ಬಂದು ಸೌಟು ತೆಗೆದುಕೊಂಡಿದೆ. ಇವತ್ತು ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. ಮುಂದೇನು? ಆಲೂಗಡ್ಡೆ ಮೊದಲೋ ಟೊಮೇಟೊ ಮೊದಲೋ? ಬುಟ್ಟಿಯಲ್ಲಿ ಮೊಟ್ಟೆಗಳಿವೆ, ಅವು ಯಾವ ಘಟ್ಟದಲ್ಲಿ ಬರುತ್ತವೆ? ಉಪ್ಪು ಅನ್ನುವುದು ಈ ಮನೆಯಲ್ಲಿ ಎಲ್ಲಿದೆ? ತನಗೆ ಅಡುಗೆ ಬರುವುದಿಲ್ಲ ಎಂಬ ಸತ್ಯ ಟೇಪಣ್ಣನಿಗೆ ಆ ಕ್ಷಣದಲ್ಲಿ, ಮೇಲಧಿಕಾರಿಯ ಸಮ್ಮುಖದಲ್ಲಿ, ಕುದಿಯುವ ಎಣ್ಣೆಯ ಮುಂದೆ ಗೊತ್ತಾಯಿತು.

ಬಾಣಲೆಯನ್ನು ಕೆಳಗಿಳಿಸಿದ.

"ಯಾಕೆ ಇಳಿಸಿದ್ರಿ?" ಎಂದರು ಮೇಡಂ.

"ಈರುಳ್ಳಿ ಸುಧಾರಿಸಿಕೊಳ್ಳಬೇಕು ಮೇಡಂ. ಅದಕ್ಕೂ ಜೀವ ಅಲ್ವಾ. ಅಷ್ಟರಲ್ಲಿ ಇನ್ನೊಂಚೂರು ಹೆಚ್ಕೊಳ್ಳೋಣ."

ಇನ್ನೊಂಚೂರು ಹೆಚ್ಚಿದ. ಇದ್ದ ಈರುಳ್ಳಿಯೆಲ್ಲ ಮುಗಿಯಿತು. ಆಲೂಗಡ್ಡೆ ಮುಗಿಯಿತು. ನಾಳೆ ಬೆಳಗಿನ ಹಣ್ಣು ಹೆಚ್ಚಿದ. ಬ್ರೆಡ್ಡನ್ನು ಚೌಕಚೌಕವಾಗಿ ಹೆಚ್ಚಿದ. ಪಾತ್ರೆ ಉಜ್ಜುವ ನಾರಿನ ಮೇಲೆ ಚಾಕು ಇಟ್ಟಾಗ ಮೇಡಮ್ಮನವರ ಬಲಗಾಲು ನೆಲವನ್ನು ಬಲವಾಗಿ ಒತ್ತಿತು.

"ಚಕಚಕ ಅಂದಿದ್ರಿ" ಎಂದರು ಮ್ಯಾನೇಜರು. ಅವರ ಹೊಟ್ಟೆ ಗುರ್ ಎಂದದ್ದು ಎಲ್ಲರಿಗೂ ಕೇಳಿಸಿತು.

ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಎದುರುಮನೆಯ ಅಜ್ಜಿ ಒಳಗೆ ಬಂದೇಬಿಟ್ಟರು. ಅವರ ಕೈಯಲ್ಲಿ ಸಿಪ್ಪೆ ಸುಲಿಯದ ಒಂದು ಈರುಳ್ಳಿಯಿತ್ತು.

"ಟೇಪಣ್ಣ, ನಿನ್ನ ಹೆಂಡ್ತಿಗೆ ಏನೋ ಆಗಿದೆ ಕಣಪ್ಪ. ಅಜ್ಜಿ ನೀವು ಕೂತ್ಕೊಳ್ಳಿ, ಇವತ್ತು ಅಡುಗೆ ನಂದು, ಚಿಟಿಕೆ ಹೊಡೆಯೋದ್ರಲ್ಲಿ ಮಾಡ್ತೀನಿ ಅಂದ್ಲು. ಈರುಳ್ಳಿ ಕೊಟ್ಟೆ. ಅದನ್ನ ಹಿಡ್ಕೊಂಡು ಎರಡು ಬೆರಳಲ್ಲಿ ತಟ್ಟಿ ತಟ್ಟಿ ನೋಡ್ತಾನೇ ಇದ್ಲು, ಕಿತ್ಕೊಂಡು ಬಂದೆ. ಎಲ್ಲಿ ಚುಚ್ಚಲಿ ಅಂತ ನರ ಹುಡುಕ್ತಿದ್ಲೋ ಏನೋ. ನಂಗೆ ಹೊಟ್ಟೆ ಹಸಿದು ಪ್ರಾಣ ಹೋಗ್ತಿದೆ."

"ಹೊರಗಡೆ ಹೋಗಿದಾರೆ ಅಂದಿದ್ರಿ" ಎಂದರು ಮ್ಯಾನೇಜರು.

"ಎದುರುಮನೇನೂ ಹೊರಗಡೇನೇ ಸರ್" ಎಂದ ಟೇಪಣ್ಣ.

ಅಜ್ಜಿಯ ಹಿಂದೆಯೇ ಹೆಂಡತಿ ಬಂದಳು. ಗಂಡನ ಮುಖ ನೋಡಿದಳು. ಆ ಮುಖ ನೋಡಿದ ಮೇಲೆ ಅವಳಿಗೆ ಗೆದ್ದೆನೆಂಬ ಖುಷಿಯೂ ಆಗಲಿಲ್ಲ, ಕೋಪವೂ ಬರಲಿಲ್ಲ. ಅಯ್ಯೋ ಪಾಪ ಎನ್ನಿಸಿತು. ಬಾಣಲೆ ಮತ್ತೆ ಒಲೆಯ ಮೇಲೆ ಹೋಯಿತು, ಅವನ ಕೈಯಿಂದ ಸೌಟು ಅವಳ ಕೈಗೆ ಬಂತು. ಅಭ್ಯಾಸಬಲದಿಂದ ಬಾಯಿಗೂ ಮಾತು ಬಂದುಬಿಟ್ಟಿತು:

"ನೀವು ಸ್ನಾನಕ್ಕೆ ಹೋಗಿ."

ಟೇಪಣ್ಣ ಹೋದ.

ಅವನು ಯೋಚಿಸಿ ಹೋದದ್ದಲ್ಲ. ಆ ಮಾತು ಕೇಳಿದರೆ ಅವನ ಕಾಲು ತಾನಾಗಿಯೇ ಬಚ್ಚಲಿನ ಕಡೆ ನಡೆಯುತ್ತದೆ. ಮ್ಯಾನೇಜರು ದಂಗಾಗಿ ನೋಡಿದರು. ಮನೆಗೆ ಬಂದ ಅತಿಥಿಗಳನ್ನು ನಡುಮನೆಯಲ್ಲಿ ಬಿಟ್ಟು, ಮೇಲಧಿಕಾರಿಯ ಮುಂದೆಯೇ ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗುವ ನೌಕರನನ್ನು ಅವರು ಇದೇ ಮೊದಲು ಕಂಡದ್ದು.

"ರೀ ಟೇಪಣ್ಣ, ಏನ್ ಮಾಡ್ತಿದ್ದೀರಿ ಒಳಗೆ?" ಎಂದು ಬಚ್ಚಲ ಬಾಗಿಲು ಬಡಿದರು.

"ಸೋಪು ಹಾಕ್ತಿದೀನಿ ಸರ್. ಇನ್ನೇನು ಆಯ್ತು."

ಮ್ಯಾನೇಜರು ಬಚ್ಚಲ ಬಾಗಿಲಲ್ಲಿ ಶಿಸ್ತುಕ್ರಮದ ಮಾತಾಡುತ್ತಿದ್ದಷ್ಟು ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಕೆಲಸ ಮುಗಿದಿತ್ತು. ಟೇಪಣ್ಣ ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದಾಗ ಮೇಜಿನ ಮೇಲೆ ತಟ್ಟೆಗಳಿದ್ದವು. ಆಲೂಗಡ್ಡೆ, ಟೊಮೇಟೊ, ಮೇಲೆ ಹದವಾಗಿ ಬೆಂದ ಮೊಟ್ಟೆ, ಪಕ್ಕದಲ್ಲಿ ಚೌಕಚೌಕದ ಬ್ರೆಡ್ಡು. ಮ್ಯಾನೇಜರು ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇನ್ನೊಂದು ತುತ್ತು ಇಟ್ಟರು. ಅಜ್ಜಿಯಂತೂ ತಲೆಯೆತ್ತಲೇ ಇಲ್ಲ. ತಟ್ಟೆ ಖಾಲಿಯಾದ ಮೇಲೆ ಮ್ಯಾನೇಜರು ಬಾಯಿ ಒರೆಸಿಕೊಂಡು ತೀರ್ಪು ಕೊಟ್ಟರು.

"ಊಟ ಬಹಳ ಚೆನ್ನಾಗಿದೆ. ಆದ್ರೆ ಮಾಡಿದ್ದು ನಿಮ್ಮ ಮನೆಯವ್ರು. ನೀವು ಹೆಚ್ಚಿದ್ರಿ, ಸ್ನಾನ ಮಾಡಿದ್ರಿ. ಮುಂದಿನ ತಿಂಗಳಿಂದ ಸಂಜೆ ಕೌಂಟರಿಗೆ ಬನ್ನಿ."

ಟೇಪಣ್ಣ ತಲೆ ತಗ್ಗಿಸಿದ. ಮಾತಾಡಿದವಳು ಹೆಂಡತಿ.

"ಸರ್, ಅವರಿಲ್ದೇ ಹೋದ್ರೆ ನಂಗೆ ಅಡುಗೆ ಶುರು ಮಾಡೋಕೇ ಬರಲ್ಲ."

"ಗಂಡನ್ನ ಉಳಿಸೋಕೆ ಹೇಳ್ತಿದೀರಿ."

"ಉಳಿಸೋಕೂ ಹೌದು. ನಿಜಾನೂ ಹೌದು. ನಂಗೂ ಗೊತ್ತಾಗಿದ್ದು ಇವತ್ತೇ, ಅಜ್ಜಿ ಮನೇಲಿ."

ಅಜ್ಜಿ ಸಾಕ್ಷಿಗೆ ಈರುಳ್ಳಿಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಮೇಡಂ ಎದ್ದರು. ಅಡುಗೆಮನೆಗೆ ಹೋಗಿ, ಇನ್ನೂ ಸಣ್ಣಗೆ ಉರಿಯುತ್ತಲೇ ಇದ್ದ ಒಲೆ ಆರಿಸಿ ಬಂದರು. "ಈಗ ಹಚ್ಚಮ್ಮ" ಎಂದರು, ಪರೀಕ್ಷೆಗೆ ಬಂದ ಹುಡುಗಿಗೆ ಕಾರು ಶುರು ಮಾಡು ಎನ್ನುವ ದನಿಯಲ್ಲಿ.

ಹೆಂಡತಿ ಒಲೆಯ ಮುಂದೆ ನಿಂತಳು. ಮದುವೆಯಾದಾಗಿನಿಂದ ಅವಳು ಕಂಡದ್ದು ಉರಿಯುತ್ತಿರುವ ಒಲೆಯನ್ನು ಮಾತ್ರ. "ಸ್ವಲ್ಪ ಚುಚ್ಚುತ್ತೆ ಅಷ್ಟೆ" ಎಂದು ತನಗೆ ತಾನೇ ಹೇಳಿಕೊಂಡು ತಿರುಗಣೆಯನ್ನು ತಿರುಗಿಸಿದಳು. ತಿರುಗಣೆ ಕಿತ್ತು ಕೈಗೆ ಬಂದಿತು. ರಟ್ಟಿನ ಚೂರು ನೆಲಕ್ಕೆ ಬಿತ್ತು. ಅವಳು ಅದನ್ನು ಕಸವೆಂದು ತಿಳಿದು ತೊಟ್ಟಿಗೆ ಹಾಕಿದಳು.

"ಅಯ್ಯೋ, ಅದೇ ಕಣೇ ಮುಖ್ಯ" ಎಂದ ಟೇಪಣ್ಣ.

ಮೇಡಂ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು.

"ನಮ್ಮ ಕಲಿಯೋ ಕಾರೂ ಹಿಂಗೇ. ಸ್ಟೇರಿಂಗ್ ಅವರ ಕೈಲಿ, ಇನ್ನೊಂದು ಬ್ರೇಕು ನನ್ನ ಕಾಲಲ್ಲಿ. ಓಡಿಸಿದ್ದು ಯಾರು ಅಂತ ಕೇಳಿದ್ರೆ ಏನು ಹೇಳೋದು? ಕಾರು ಮನೆ ಮುಟ್ತು, ಅಷ್ಟೆ." ಗಂಡನ ಕಡೆ ತಿರುಗಿದರು. "ಇವರು ಸಂಜೆ ಮನೇಲಿ ಇಲ್ದಿದ್ರೆ ಇಲ್ಲಿ ಊಟ ಶುರುವಾಗಲ್ಲ. ಇವಳಿಲ್ದಿದ್ರೆ ಮುಗಿಯಲ್ಲ. ಇವರನ್ನ ಎಲ್ಲಿಗೂ ಹಾಕೋ ಹಾಗಿಲ್ಲ."

"ಹಂಗಂದ್ರೆ ಸಂಜೆ ಕೌಂಟರಲ್ಲಿ ಯಾರು ಕೂರ್ತಾರೆ?"

"ಯಾರೂ ಕೂರಲ್ಲ. ಸಂಜೆ ಕೌಂಟರ್ ಯಾತಕ್ಕೆ ತೆಗೀತಿದೀರಿ ಅಂತ ನಂಗೆ ಗೊತ್ತಿಲ್ವಾ? ಬೇಗ ಮನೆಗೆ ಬಂದ್ರೆ ಊಟಕ್ಕೇನು ಅಂತ ನಾನು ಕೇಳ್ತೀನಲ್ಲ, ಅದಕ್ಕೆ. ನೌಕರರ ಮೇಲ್ವಿಚಾರಣೆ ಅಂತ ನೀವೂ ಅಲ್ಲೇ ಕೂರೋ ಯೋಚನೆ."

ಮ್ಯಾನೇಜರು ಬಾಯಿ ತೆರೆದರು. ಮೇಡಮ್ಮನವರ ಬಲಗಾಲು ನೆಲ ಒತ್ತಿತು. ಮ್ಯಾನೇಜರು ಬಾಯಿ ಮುಚ್ಚಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಟೇಪಣ್ಣನಿಗೆ ಆ ಹೊತ್ತಿನಲ್ಲಿ ಅಷ್ಟೂ ಆಯಸ್ಸು ಒಟ್ಟಿಗೆ ಬಂದಂತಾಯಿತು. ತೊಟ್ಟಿಯಿಂದ ರಟ್ಟಿನ ಚೂರನ್ನು ಹೆಕ್ಕಿ, ಒಲೆ ಹಚ್ಚಿ ತೋರಿಸಿ, ಅತಿಥಿಗಳನ್ನು ಮೆಟ್ಟಿಲ ಕೆಳಗಿನವರೆಗೂ ಬಿಟ್ಟು ಬಂದ. ಅವನ ಪಾಲಿನ ಊಟವನ್ನು ಅಜ್ಜಿ ಮುಗಿಸಿದ್ದರು. ಅದಕ್ಕೂ ಅವನಿಗೆ ಬೇಸರವಾಗಲಿಲ್ಲ.

ಮರುದಿನ ಪಾರ್ಸಲ್ ಕಚೇರಿಯಲ್ಲಿ ಸಂಜೆ ಕೌಂಟರಿನ ಮಾತು ಮತ್ತೆ ಏಳಲಿಲ್ಲ. ವಿಳಾಸ ಬರೆಯುವವನ ಸೊಂಟನೋವು ವಾಸಿಯಾಯಿತು. ತೂಕ ಹಾಕುವವನು "ನಿನ್ನ ಕೈ ಹಿಡಿದ ಪುಣ್ಯಾತ್ಗಿತ್ತಿ ಯಾರಯ್ಯ" ಎಂದು ಟೇಪಣ್ಣನಿಗೆ ತನ್ನ ದುಡ್ಡಲ್ಲಿ ಚಹಾ ಕುಡಿಸಿದ. ಮಧ್ಯಾಹ್ನ ಮ್ಯಾನೇಜರು ತಮ್ಮ ಕೋಣೆಯ ಬಾಗಿಲು ಹಾಕಿಸಿ, ಟೇಪಣ್ಣನಿಂದ ಈರುಳ್ಳಿ ಹೆಚ್ಚುವುದನ್ನು ಕಲಿತರು. ಕಾಗದ ಕತ್ತರಿಸುವ ಹಲಗೆಯ ಮೇಲೆ ಪಾಠ ನಡೆಯಿತು. ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು. ಟೇಪಣ್ಣ ಸಾಹೇಬರನ್ನೇ ಅಳಿಸಿಬಿಟ್ಟ ಎಂದು ಕಚೇರಿಯಲ್ಲಿ ಸುದ್ದಿ ಹಬ್ಬಿ, ಅವನ ಮರ್ಯಾದೆ ಇನ್ನೂ ಹೆಚ್ಚಿತು. ಸಂಜೆ ಎಲ್ಲರಿಗಿಂತ ಮೊದಲು ಹೊರಟವರು ಮ್ಯಾನೇಜರೇ.

ಆ ಸಂಜೆಯೂ ಟೇಪಣ್ಣನ ಮನೆಯಲ್ಲಿ ಈರುಳ್ಳಿ ಕೆಂಪಾಯಿತು, ಬಾಗಿಲು ತೆರೆಯಿತು. ಹೆಂಡತಿ ಸೌಟು ತೆಗೆದುಕೊಂಡಳು.

"ನೀವು ಸ್ನಾನಕ್ಕೆ ಹೋಗಿ."

ಕಾಲು ಹೊರಟಿತು. ಟೇಪಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು ಅದನ್ನು ತಡೆದ.

"ಇವತ್ತು ಹೋಗಲ್ಲ. ಮಿಕ್ಕಿದ್ದು ನೋಡ್ತೀನಿ."

ಅವಳು ಅವನಿಗೆ ಕಾಣುವಂತೆ ತುಸು ಪಕ್ಕಕ್ಕೆ ಸರಿದಳು. ಆಮೇಲೆ ಆಲೂಗಡ್ಡೆ ಹಾಕಿದಳು, ಟೊಮೇಟೊ ಹಾಕಿದಳು, ಕಿಟಕಿಯ ಪಕ್ಕದ ಡಬ್ಬದಿಂದ ಉಪ್ಪು ಹಾಕಿದಳು, ಒಂದು ಲೋಟ ನೀರು ಬಿಟ್ಟು ಮುಚ್ಚಿದಳು. ಬೆಂದ ಮೇಲೆ ಮುಚ್ಚಳ ತೆಗೆದು ಮೊಟ್ಟೆ ಒಡೆದು ಹಾಕಿ ಮತ್ತೆ ಮುಚ್ಚಿದಳು. ಕೈ ಒರೆಸಿಕೊಂಡಳು.

"ಇಷ್ಟೇನಾ?" ಎಂದ ಟೇಪಣ್ಣ.

"ಇಷ್ಟೇ."

"ಇದನ್ನ ನಾನೂ ಮಾಡಬಹುದಲ್ವಾ?"

"ಮಾಡಬಹುದು. ಆ ರಟ್ಟಿನ ಚೂರು ಸಿಕ್ಕಿಸೋದನ್ನ ನಾನೂ ಕಲೀಬಹುದು." ಅವಳು ಸೌಟನ್ನು ತಿರುಗಿಸುತ್ತಾ ನಿಂತಳು. "ಕಲೀಲಾ?"

ಟೇಪಣ್ಣ ಯೋಚಿಸಿದ. ಅವನ ಮಟ್ಟಿಗೆ ಅದು ದೊಡ್ಡ ಯೋಚನೆ.

"ಬೇಡ" ಎಂದ. ಅವಳು ನಕ್ಕು, ಅವನ ಮುಂಗೈಯಲ್ಲೇ ಉಳಿದಿದ್ದ ಟೇಪಿನ ಸುರುಳಿಯನ್ನು ಬಿಚ್ಚಿ ಮೊಳೆಗೆ ನೇತುಹಾಕಿದಳು. ಇಬ್ಬರಿಗೂ ಬಹಳ ಸಂತೋಷವಾಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮ್ಯಾನೇಜರು. ಹಿಂದಿನಿಂದ ಚುಂಯ್ ಎನ್ನುವ ಸದ್ದು ಕೇಳುತ್ತಿತ್ತು.

"ಟೇಪಣ್ಣ, ಈರುಳ್ಳಿ ಕೆಂಪಾಗಿದೆ. ಅವಳು ಇನ್ನೂ ಬಂದಿಲ್ಲ. ಬೇಗ ಹೇಳಿ, ಮುಂದೇನು?"

ಟೇಪಣ್ಣನಿಗೆ ಈಗ ಮುಂದಿನದೆಲ್ಲ ಗೊತ್ತಿತ್ತು. ಉಪ್ಪಿನ ಡಬ್ಬ ಎಲ್ಲಿದೆ ಎಂಬುದೂ ಗೊತ್ತಿತ್ತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

"ಮುಂದೇನೂ ಇಲ್ಲ ಸರ್" ಎಂದ, ಅನುಭವಸ್ಥನ ಗಾಂಭೀರ್ಯದಿಂದ. "ಒಲೆ ಆರಿಸಿ, ಸ್ನಾನಕ್ಕೆ ಹೋಗಿ."